ಆಟೋ ಹುಡ್ಡಿನ ಡೇರೆ ಹೊತ್ತು ಕಡಬಕ್ಕೆ

ತುಮಕೂರಿನ ಬಸ್ ನಿಲ್ದಾಣದಲ್ಲಿ ಗುಬ್ಬಿ ಬಸ್ಸಿನ ಕಂಡಕ್ಟರು ನಮ್ಮ ಗಂಟುಮೂಟೆಯನ್ನು ಒಮ್ಮೆ, ನಮ್ಮ ಮುಖಗಳನ್ನು ಒಮ್ಮೆ ನೋಡಿ, "ಏನ್ ಸಾರ್, ಮನೆ ಖಾಲಿ ಮಾಡ್ಕೊಂಡ್ ಹೊಂಟ್ರಾ?" ಎಂದು ಕೇಳಿದರು. ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಬಾಗಿಸಿದ ಕಬ್ಬಿಣದ ಕಂಬಿಗಳು, ಹಗ್ಗ ಬಿಗಿದ ರೆಕ್ಸಿನ್ ಸುರುಳಿ, ಸ್ಪಂಜಿನ ಹಾಳೆಗಳ ಮೂಟೆ, ಕಂಬಳಿಗಳು, ಒಂದು ಪ್ಲಾಸ್ಟಿಕ್ ಕುರ್ಚಿ, ಫ್ಲಾಸ್ಕು. ಇಷ್ಟನ್ನೆಲ್ಲ ಹೊತ್ತುಕೊಂಡು ನಾವು ಹೊರಟಿದ್ದು ಕಡಬದ ಕೆರೆ ಪಕ್ಕದ ಒಂದು ತೆಂಗಿನ ತೋಟದಲ್ಲಿ ಒಂದೇ ಒಂದು ರಾತ್ರಿ ಮಲಗಿ ಬರಲು. ಉಳಿದವರೆಲ್ಲ ಸಾಮಾನು ಎಣಿಸುತ್ತಿದ್ದರೆ ನಾನು ಮಾತ್ರ ಹೆಗಲ ಚೀಲದೊಳಗೆ ಕೈ ಹಾಕಿ, ಮಗಳ ಇನ್ಹೇಲರ್ ಇದೆಯೋ ಇಲ್ಲವೋ ಎಂದು ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲವಾದ್ದರಿಂದ ನಾನು, ನಮ್ಮತ್ತೆ, ಮಗಳು ಆಫ್ರೀನ್ ಮೂವರೂ ಆಧಾರ್ ಕಾರ್ಡು ತೋರಿಸಿ ಸೊನ್ನೆ ಟಿಕೆಟ್ ಪಡೆದೆವು. ಚಾರ್ಜು ಕೊಡಬೇಕಾಗಿ ಬಂದದ್ದು ನನ್ನ ಯಜಮಾನರಾದ ಸಲೀಂ ಅವರಿಗೆ ಮತ್ತು ಲಗೇಜಿಗೆ. ಲಗೇಜಿನದು ಅವರದಕ್ಕಿಂತ ಹೆಚ್ಚಾಯಿತು. "ಹಂಗಾದ್ರೆ ಮುಂದಿನ್ ಸಲ ಲಗೇಜ್ ಬುಟ್ಟು ಇವನನ್ನೇ ಕರ್ಕೊಂಡ್ ಬರೋಣ" ಎಂದು ಅತ್ತೆ ಮಗನ ಬೆನ್ನು ತಟ್ಟಿದರು. ನಾವು ಮನೆಯಲ್ಲಿ ಆಡುವುದು ನಮ್ಮ ಕಡೆಯ ಉರ್ದು. ನಾನು ಕನ್ನಡ ಶಾಲೆಯ ಅತಿಥಿ ಶಿಕ್ಷಕಿ, ಬರೆಯಲು ಬರುವುದು ಕನ್ನಡ. ಹಾಗಾಗಿ ಮನೆಮಂದಿಯ ಮಾತನ್ನೂ ಇಲ್ಲಿ ಕನ್ನಡಕ್ಕೆ ತಂದುಕೊಂಡಿದ್ದೇನೆ.

ಈ ಪ್ರಯಾಣ ಮೋಜಿಗೆ ಹೊರಟದ್ದಲ್ಲ, ಪರೀಕ್ಷೆಗೆ ಹೊರಟದ್ದು. ಆಫ್ರೀನ್‌ಗೆ ಹತ್ತು ವರ್ಷ. ಬಾಯಿಗೆ ಬಿಡುವು ಕೊಡದ ಹುಡುಗಿ, ಆದರೆ ಎದೆ ಬಾಯಿಯಷ್ಟು ಗಟ್ಟಿಯಿಲ್ಲ. ಚಿಕ್ಕಂದಿನಿಂದ ಉಬ್ಬಸ. ಅವಳ ಶಾಲೆಯವರು ಪ್ರತಿ ಚಳಿಗಾಲದಲ್ಲಿ ಕುಣಿಗಲ್ ಹತ್ತಿರದ ತೋಟವೊಂದರಲ್ಲಿ ಶಿಬಿರ ನಡೆಸುತ್ತಾರೆ. ಮಕ್ಕಳು ಡೇರೆಯಲ್ಲೇ ಮಲಗುತ್ತಾರೆ. ಕುಣಿಗಲ್ ನನ್ನ ತವರು, ಅಣ್ಣನ ಮನೆ ಅಲ್ಲೇ ಇದೆ, ಏನಾದರೂ ಆದರೆ ಅವನು ಓಡಿ ಹೋಗುತ್ತಾನೆ. ಆದರೂ ಹೋದ ವರ್ಷ ನನಗೆ ಧೈರ್ಯ ಬರಲಿಲ್ಲ, ಕಳಿಸಲಿಲ್ಲ. ಗೆಳತಿಯರೆಲ್ಲ ವಾಪಸು ಬಂದು ಶಿಬಿರದ ಕತೆ ಹೇಳುವಾಗ ಇವಳು ಶಾಲೆಯ ನಲ್ಲಿಯ ಹತ್ತಿರ ಒಬ್ಬಳೇ ನಿಂತಿರುತ್ತಿದ್ದಳಂತೆ.

ಈ ಸಲ ಅವಳು ಬೇಸಿಗೆಯಿಂದಲೇ ಪಟ್ಟು ಹಿಡಿದಳು. ಕೊನೆಗೆ ನಾನೊಂದು ಷರತ್ತು ಹಾಕಿದೆ. "ದಸರಾ ರಜೇಲಿ ಒಂದ್ ರಾತ್ರಿ ನಮ್ ಜೊತೆ ಹೊರಗಡೆ ಡೇರೇಲಿ ಮಲ್ಕೋ. ಉಬ್ಸ ಬರ್ಲಿಲ್ವಾ, ಕುಣಿಗಲ್‌ಗೆ ಕಳಿಸ್ತೀನಿ. ಬಂತಾ, ಮತ್ತೆ ಕ್ಯಾಂಪ್ ಅನ್ನೋ ಮಾತೇ ಎತ್ತಬಾರ್ದು." ಅವಳು ನನ್ನ ಕೈಮೇಲೆ ಕೈ ಹೊಡೆದು ಒಪ್ಪಿಕೊಂಡಳು. ಡಾಕ್ಟರನ್ನು ಕೇಳಿದೆ. "ಔಷಧಿ ಜೊತೇಲಿರ್ಲಿ, ಮೈ ಬೆಚ್ಚಗಿರ್ಲಿ, ಹೋಗ್ಬನ್ನಿ" ಎಂದರು. ಅವರು ಹೇಳಿದ್ದರಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಬೆಚ್ಚಗಿರಲಿ ಎಂಬುದೊಂದೇ.

ಅಂಗಡಿಯ ರೆಡಿಮೇಡ್ ಡೇರೆಯ ಬೆಲೆ ಕೇಳಿ ಇಬ್ಬರೂ ಸುಮ್ಮನೆ ಮನೆಗೆ ಬಂದೆವು. ಸಲೀಂ ಆಟೋಗಳಿಗೆ ಹುಡ್ ಹೊಲಿಯುವವರು. ತುಮಕೂರಿನಲ್ಲಿ ಅವರದೊಂದು ಚಿಕ್ಕ ಅಂಗಡಿಯಿದೆ. "ಡೇರೆ ಅಂದ್ರೇನು, ಚಕ್ರ ಇಲ್ದಿರೋ ಆಟೋ. ನಾನೇ ಮಾಡ್ತೀನಿ" ಎಂದು ಹೊರಟರು. ಹಳೆಯ ಹುಡ್ಡುಗಳ ಕಂಬಿ ಸೇರಿಸಿ ಕಮಾನು ಮಾಡಿದರು. ಮಿಕ್ಕ ರೆಕ್ಸಿನ್ ತುಂಡುಗಳನ್ನು, ಕೆಲವು ಕಪ್ಪು, ಕೆಲವು ಹಳದಿ, ಜೋಡಿಸಿ ಹೊಲಿದರು. ನಾನು ಪಕ್ಕದಲ್ಲಿ ನಿಂತು ಹೇಳುತ್ತಲೇ ಇದ್ದೆ: ಒಂದು ಹನಿ ಒಳಗೆ ಬರಬಾರದು, ಸೊಳ್ಳೆ ಬರಬಾರದು, ಥಂಡಿ ಗಾಳಿಯಂತೂ ಬರಲೇಬಾರದು. ಹುಡ್ಡಿಗೆ ಹಿಂದುಗಡೆ ಒಂದು ಕಿಟಕಿ ಇಡುವುದು ರೂಢಿ. ಇದಕ್ಕೂ ಇಡಲೇ ಎಂದು ಅವರು ಕೇಳಿದಾಗ ಬೇಡವೇ ಬೇಡ ಎಂದೆ. ಪ್ರತಿ ಹೊಲಿಗೆಯ ಮೇಲೂ ಒಳಗಡೆಯಿಂದ ಸೊಲ್ಯೂಷನ್ ಎಂಬ ಅಂಟು ಬಳಿದು ಪಟ್ಟಿ ಅಂಟಿಸಿದರು. ಅದರ ವಾಸನೆ ಹೋಗಲಿ ಎಂದು ವಾರವಿಡೀ ತಾರಸಿಯ ಮೇಲೆ ಒಣಹಾಕಿದ್ದೆವು.

ಹಾಸಿಗೆಯದ್ದು ನನ್ನ ಹೊಣೆ. ಹಿರೇಹಳ್ಳಿಯ ಕಾರ್ಖಾನೆಗಳಿಗೆ ಯಂತ್ರಗಳನ್ನು ಸುತ್ತಿಕೊಂಡು ಬರುವ ಸ್ಪಂಜಿನ ಹಾಳೆಗಳು ಗುಜರಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತವೆ. ಅವನ್ನು ತಂದು ತೊಳೆದು, ಹಳೆಯ ಸೀರೆಯ ಗವಸು ಹೊಲಿದು ಒಂದರ ಮೇಲೊಂದು ಇಟ್ಟರೆ ಅತ್ತೆಯ ಸೊಂಟಕ್ಕೂ ನೆಲ ಚುಚ್ಚುವುದಿಲ್ಲ. ನೆಲದ ತೇವ ತಡೆಯಲು ಯಾರೋ ಪುಢಾರಿಯ ಹುಟ್ಟುಹಬ್ಬಕ್ಕೆ ಶುಭ ಕೋರಿದ್ದ ಹಳೆಯ ಫ್ಲೆಕ್ಸು. ಕುಣಿಗಲ್ಲಿಂದ ಅಣ್ಣ ಕಂಬಳಿಗಳನ್ನು ಬಸ್ಸಿಗೆ ಹಾಕಿ ಕಳಿಸಿದ. "ಇರೋ ಮನೆ ಬುಟ್ಟು ಮಣ್ಣಲ್ಲಿ ಮಲಗ್ತಾರಂತೆ, ನಿಂಗೇನ್ ಬಂದಿದೆ ತಬಸ್ಸುಮ್?" ಎಂದು ಫೋನಿನಲ್ಲಿ ಬೈದೇ ಕಳಿಸಿದ. ಪ್ಲಾಸ್ಟಿಕ್ ಕುರ್ಚಿಯ ಕೂರುವ ಜಾಗದಲ್ಲಿ ಸಲೀಂ ಗುಂಡಗೆ ಕೊರೆದಿದ್ದರು. ಮಂಡಿ ನೋವಿನ ಅತ್ತೆ ಬಯಲಲ್ಲಿ ಹೇಗೆ ಕುಕ್ಕರುಗಾಲಲ್ಲಿ ಕೂರುತ್ತಾರೆ ಎಂಬ ಚಿಂತೆಗೆ ಅದೇ ಉತ್ತರ. ಬಸ್ಸಿನಲ್ಲಿ ಸೀಟು ಸಿಗದ ಒಬ್ಬ ಯಜಮಾನರು ಅದರ ಮೇಲೆ ಕೂರಲು ಹೊರಟರು. ಅತ್ತೆ ಕೈ ಅಡ್ಡ ಹಿಡಿದು, "ಬೇಡಿ ಅಣ್ಣಾ, ಅದು ಬೇರೆ ಕೆಲ್ಸಕ್ಕೆ" ಎಂದರು.

ಗುಬ್ಬಿ ತಲುಪಲು ಮುಕ್ಕಾಲು ಗಂಟೆ ಹಿಡಿಯಿತು. ದಾರಿಯುದ್ದಕ್ಕೂ ನಾನು ನೋಡಿದ್ದು ಆಕಾಶವನ್ನೇ. ಮೋಡವಿತ್ತು, ಆದರೆ ಬಿಳಿಯದು. ಕಿಟಕಿ ತೆಗೆದರೆ ಧೂಳು, ಮುಚ್ಚಿದರೆ ಸೆಕೆ. ಆಫ್ರೀನ್ ಕೆಮ್ಮಿದಾಗಲೆಲ್ಲ ನಾನು ತಿರುಗುತ್ತಿದ್ದೆ, ಅವಳು "ಎಂಜಲು ನೆತ್ತಿಗೇರ್ತು ಅಮ್ಮಿ, ಅಷ್ಟೇ" ಎನ್ನುತ್ತಿದ್ದಳು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದೆವು. ಅಡುಗೆಯವರು ಮುಚ್ಚಳ ಎತ್ತಿದಾಗ ಅದರ ಒಳಮೈಯಿಂದ ನೀರು ತಟತಟನೆ ಕೆಳಗೆ ತೊಟ್ಟಿಕ್ಕಿತು. ಇಡ್ಲಿ ಬಿಸಿಯಾಗಿತ್ತು, ಮೆತ್ತಗಿತ್ತು, ಚಟ್ನಿಗೆ ಸ್ವಲ್ಪ ಉಪ್ಪು ಹೆಚ್ಚು. ತಿನ್ನುತ್ತಲೇ ನಾನು ಪಕ್ಕದ ಮೇಜಿನವರನ್ನು ಸರ್ಕಾರಿ ಆಸ್ಪತ್ರೆ ಎಲ್ಲಿ, ರಾತ್ರಿ ಡಾಕ್ಟರಿರುತ್ತಾರೆಯೇ ಎಂದು ವಿಚಾರಿಸಿಕೊಂಡೆ. ಆಫ್ರೀನ್ ಇಡ್ಲಿಯ ಮೇಲಿನಿಂದ ನನ್ನನ್ನೇ ನೋಡುತ್ತಿದ್ದಳು.

ಗುಬ್ಬಿಯಿಂದ ಕಡಬ ಹತ್ತು ಹದಿನೈದು ಕಿಲೋಮೀಟರ್. ಖಾಸಗಿ ಬಸ್ಸಿನವರು ಕಂಬಿ ನೋಡಿಯೇ ತಲೆ ಆಡಿಸಿದರು. ಆಟೋ ಹಿಡಿಯಬೇಕಾಯಿತು. ಸಲೀಂ ಆಟೋ ಹತ್ತುವ ಮುಂಚೆ ರೂಢಿಯಂತೆ ಹುಡ್ ಮುಟ್ಟಿ ನೋಡಿ, "ಇದು ನನ್ ಹೊಲಿಗೆ" ಎಂದರು. ಚಾಲಕ ತಿರುಗಿ ನೋಡಿ ಗುರುತು ಹಿಡಿದ. "ಓಹ್, ಸಲೀಂ ಭಾಯಿ! ಎಂಥಾ ಮಳೆ ಬಂದ್ರೂ ಇದ್ರಲ್ಲಿ ಒಂದ್ ಹನಿ ಸೋರಿಲ್ಲ ಕಣಣ್ಣಾ. ದೇವರಾಣೆಗೂ." ಕಡಬ ಬರುವವರೆಗೂ ನನ್ನ ಗಂಡನ ಮುಖ ಬೆಳಗುತ್ತಿತ್ತು. ಚಾಲಕ ಹೇಳಿದ್ದಕ್ಕಿಂತ ಇಪ್ಪತ್ತು ರೂಪಾಯಿ ಹೆಚ್ಚೇ ಕೊಟ್ಟರು. ಚೌಕಾಸಿ ಮಾಡಲು ಕರೆದುಕೊಂಡು ಬಂದ ಗಂಡಸು ಹೀಗೆ ಮಾಡಿದರೆ ಯಾರಿಗೆ ಹೇಳುವುದು?

ತೋಟ ನನ್ನ ಶಾಲೆಯ ಶಿವಮ್ಮ ಟೀಚರ ಅಣ್ಣ ಗಂಗಣ್ಣನವರದು. ಕೆರೆ ಏರಿಯಿಂದ ಕೆಳಗಿಳಿದರೆ ಮೊದಲು ರಾಗಿ ಹೊಲ, ಆಮೇಲೆ ತೆಂಗು. ಕೆರೆ ತುಂಬಿತ್ತು, ಆಚೆ ದಡ ಕಣ್ಣಿಗೆ ದೂರ. ಗಂಗಣ್ಣ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ ಬಂದರು. ನಾವು ಡೇರೆ ಬಿಡಿಸಿದಾಗ ಅದರ ಹಳದಿ ಕಪ್ಪು ನೋಡಿ, "ಇದ್ಯಾವ್ದು ಸಾಬ್ರೆ, ಆಟೋ ತಲೆ ಕಿತ್ಕೊಂಡ್ ಬಂದ್ಬುಟ್ರಾ? ಮೀಟ್ರೆಲ್ಲಿ?" ಎಂದರು. ಆಫ್ರೀನ್ ಬಿದ್ದು ಬಿದ್ದು ನಕ್ಕಳು. ಅಷ್ಟು ನಗಬೇಡ, ಕೆಮ್ಮು ಬರುತ್ತದೆ ಎನ್ನಲು ಬಾಯಿಗೆ ಬಂದಿತ್ತು, ಕಷ್ಟಪಟ್ಟು ನುಂಗಿಕೊಂಡೆ.

ನಾನು ನೆರಳು ನೋಡಿ ಒಂದು ಮರದ ಬುಡ ಆರಿಸಿದ್ದೆ. "ಅಲ್ಲಿ ಹಾಕ್ಬ್ಯಾಡ್ರವ್ವಾ. ಕಾಯಿ ಬಿದ್ರೆ ತಲೆ ಉಳಿಯಾಕಿಲ್ಲ. ಪಂಪ್‌ಸೆಟ್ ಮನೆ ಪಕ್ದಾಗೆ ಬಯಲೈತೆ, ಅಲ್ಲಾಕ್ಕಳಿ" ಎಂದರು ಗಂಗಣ್ಣ. ಕಲ್ಲು ಆರಿಸಿ, ತೆಂಗಿನ ನಾರು ಹರಡಿ, ಅದರ ಮೇಲೆ ಫ್ಲೆಕ್ಸು ಹಾಸಿದೆವು. ಪುಢಾರಿಯ ನಗುಮುಖ ಮೇಲಕ್ಕೆ ಬಂತು. ಅದರ ಮೇಲೆ ಕಾಲಿಡುವುದು ಹೇಗೆ ಎಂದು ಅತ್ತೆಗೆ ಸಂಕೋಚ, "ನಾವು ಓಟ್ ಹಾಕಿಲ್ಲ ಅಂತ ತುಳಿಯೋದಾ? ತಿರುಗಿಸ್ರೋ" ಎಂದರು. ತಿರುಗಿಸಿ ಹಾಸಿದೆವು. ಸ್ಪಂಜು ಹಾಕಿ ನಾನೇ ಮೊದಲು ಮಲಗಿ ನೋಡಿದೆ. ನಿಜವಾಗಿಯೂ ಸುಖವಾಗಿತ್ತು. ನಮ್ಮ ಮನೆಯ ಹತ್ತಿ ಹಾಸಿಗೆಗಿಂತ ಮೆತ್ತಗಿತ್ತು ಎಂದರೂ ತಪ್ಪಲ್ಲ. ಅಷ್ಟೂ ದಿನಗಳಲ್ಲಿ ಮೊದಲ ಸಲ ಭಯ ಸ್ವಲ್ಪ ಕೆಳಗಿಳಿಯಿತು.

ಮಧ್ಯಾಹ್ನ ಗಂಗಣ್ಣ ಎಳನೀರು ಕೊಚ್ಚಿಕೊಟ್ಟರು. ಆಫ್ರೀನ್ ಅಪ್ಪನ ಕೈ ಹಿಡಿದು ಏರಿಯ ಮೇಲೆ ಹೋದಳು. ಬಿಳಿ ಹಕ್ಕಿಗಳು ನೀರಿನ ಅಂಚಿನಲ್ಲಿ ಸಾಲಾಗಿ ನಿಂತಿದ್ದವು. ನಾನು ಹಿಂದೆ ಉಳಿದು ಗಂಗಣ್ಣನವರ ಹೆಂಡತಿ ಲಕ್ಷ್ಮಮ್ಮನವರ ಜೊತೆ ಕೂತೆ. "ಗಂಗಣ್ಣನವರ ಬೈಕು ಸರಿಯಾಗಿದೆಯಾ? ಪೆಟ್ರೋಲ್ ಇದೆಯಾ?" ಎಂದು ಕೇಳಿದೆ. "ಯಾಕವ್ವಾ, ಎಲ್ಲಿಗೋಗ್ಬೇಕು?" ಎಂದರು. ಎಲ್ಲಿಗೂ ಇಲ್ಲ, ಸುಮ್ಮನೆ ಎಂದೆ. ಅವರು ನನ್ನ ಕೈಯಲ್ಲಿದ್ದ ಚೀಲ ನೋಡಿದರು.

ಸಂಜೆ ಅತ್ತೆ ಮಗ್ರಿಬ್ ನಮಾಜು ಮುಗಿಸಿ ಗಂಗಣ್ಣ ಕೊಟ್ಟ ಇನ್ನೊಂದು ಕುರ್ಚಿಯಿಂದ ಏಳುವ ಹೊತ್ತಿಗೆ ಬಿಳಿ ಮೋಡ ಕಪ್ಪಾಗಿತ್ತು. ಗಾಳಿ ಬೀಸಿತು, ಆಮೇಲೆ ಮಳೆ ಧೋ ಎಂದು ಸುರಿಯಿತು. ನಾಲ್ವರೂ ಒಳಗೆ ನುಗ್ಗಿದೆವು. ನಾನು ಜಿಪ್ಪನ್ನು ಕೊನೆಯವರೆಗೂ ಎಳೆದೆ. ಜಿಪ್ಪಿನ ತುದಿಯಲ್ಲಿ ಬೆರಳು ತೂರುವಷ್ಟು ಸಂದಿಯಿತ್ತು, ಅದಕ್ಕೂ ಟವೆಲ್ ತುರುಕಿದೆ. ಲಕ್ಷ್ಮಮ್ಮ ಮಳೆಗೆ ಮುಂಚೆಯೇ ಪಾತ್ರೆಯಲ್ಲಿ ಬಿಸಿ ಮುದ್ದೆ, ಹುರುಳಿಕಾಳಿನ ಸಾರು ಕಳಿಸಿದ್ದರು. ಚಾರ್ಜ್ ಲೈಟು ನೇತುಹಾಕಿ, ಹೊಗೆಯಾಡುವ ಸಾರಿನಲ್ಲಿ ಮುದ್ದೆ ಮುರಿದು ಉಂಡೆವು. ಹೊರಗೆ ಅಷ್ಟು ಮಳೆ, ಒಳಗೆ ಒಂದು ಹನಿ ಇಲ್ಲ. ಸಲೀಂ ರೆಕ್ಸಿನ್ ಮೇಲೆ ಗುದ್ದಿ, "ನೋಡಿದ್ಯಾ?" ಎಂದರು. ನೋಡಿದೆ, ಹೆಮ್ಮೆಯೂ ಆಯಿತು.

ಉಂಡು ತಟ್ಟೆಯಲ್ಲೇ ಕೈ ತೊಳೆದು ಕಂಬಳಿ ಹೊದ್ದು ಒರಗಿದ ಸ್ವಲ್ಪ ಹೊತ್ತಿಗೆ ನನ್ನ ಹಣೆಯ ಮೇಲೆ ಒಂದು ಹನಿ ಬಿತ್ತು. ಆಮೇಲೆ ಅತ್ತೆಯ ಕೆನ್ನೆಯ ಮೇಲೆ. "ಸಲೀಮಾ, ನಿನ್ ಡೇರೆ ಸೋರ್ತಿದೆ ಕಣೋ" ಎಂದರು ಅತ್ತೆ.

"ಸಾಧ್ಯಾನೇ ಇಲ್ಲ." ಅವರು ಎದ್ದು ಟಾರ್ಚು ಹಿಡಿದು ಹೊಲಿಗೆಯೊಂದೊಂದನ್ನೂ ಬೆರಳಿನಿಂದ ಒತ್ತಿ ನೋಡಿದರು. ರೆಕ್ಸಿನ್ನಿನ ಒಳಮೈ ಪೂರ್ತಿ ಒದ್ದೆಯಾಗಿತ್ತು. "ನನ್ ಹೊಲಿಗೆ ಸೋರಲ್ಲ. ಗುಬ್ಬಿ ಆಟೋದವನು ಏನ್ ಹೇಳ್ದ, ನೀವೇ ಕೇಳಿಸ್ಕೊಂಡ್ರಲ್ಲ."

"ಹಾಗಾದ್ರೆ ಇದೇನ್ರೀ, ಬೆವರಾ?" ಎಂದೆ ನಾನು. ಕಂಬಳಿ ಒದ್ದೆಯಾದರೆ ಮಗುವಿಗೆ ಥಂಡಿ ಹಿಡಿಯುತ್ತದೆ ಎಂಬ ಆತಂಕಕ್ಕೆ ನನ್ನ ದನಿ ಏರಿತ್ತು. ನಾವಿಬ್ಬರೂ ಸೋರುತ್ತದೆ, ಸೋರುವುದಿಲ್ಲ ಎಂದು ಜಗಳಕ್ಕೆ ನಿಂತೆವು. ನಾನು ತಲೆಗೆ ಕಟ್ಟಿದ್ದ ದುಪಟ್ಟಾದಿಂದ ಮೇಲ್ಛಾವಣಿ ಒರೆಸಿದೆ. ಒರೆಸಿದ ಜಾಗದಲ್ಲೇ ನೋಡನೋಡುತ್ತಿದ್ದಂತೆ ಮತ್ತೆ ಸಣ್ಣ ಸಣ್ಣ ಹನಿ ಮೂಡಿದವು. ಬೆಳಿಗ್ಗೆ ಗುಬ್ಬಿಯ ಹೋಟೆಲಿನಲ್ಲಿ ನೋಡಿದ ಇಡ್ಲಿ ಪಾತ್ರೆಯ ಮುಚ್ಚಳ ಕಣ್ಣಮುಂದೆ ಬಂತು. ಮಳೆ ಒಳಗೆ ಬಂದಿರಲಿಲ್ಲ. ನಮ್ಮ ನಾಲ್ವರ ಉಸಿರು, ಸಾರಿನ ಹಬೆ ಹೊರಗೆ ಹೋಗಿರಲಿಲ್ಲ. ಆ ಬಿಸಿಗೆ ಸೊಲ್ಯೂಷನ್ನಿನ ವಾಸನೆ ಮತ್ತೆ ಎದ್ದಿತ್ತು, ಜಗಳದ ನಡುವೆ ನನಗದು ತಿಳಿದೇ ಇರಲಿಲ್ಲ.

ಆಗ ಇನ್ನೊಂದು ಗಮನಕ್ಕೆ ಬಂತು. ಇಷ್ಟೆಲ್ಲ ರಂಪವಾಗುತ್ತಿದ್ದರೂ ಆಫ್ರೀನ್ ಒಂದು ಮಾತೂ ಆಡಿರಲಿಲ್ಲ. ಅಪ್ಪನ ಪರ ವಾದಿಸಲು ಸದಾ ಕಾದಿರುವ ಹುಡುಗಿ ಗೋಡೆಯ ಕಡೆ ಮುಖ ಮಾಡಿ ಕಂಬಳಿ ಹೊದ್ದು ಮಲಗಿದ್ದಳು. ನಿದ್ದೆ ಬಂದಿದೆ ಎಂದುಕೊಂಡೆವು. ಕಂಬಳಿ ಸರಿಸಿದೆ. ಹೆಗಲು ಪ್ರತಿ ಉಸಿರಿಗೂ ಮೇಲಕ್ಕೆ ಎದ್ದು ಬೀಳುತ್ತಿತ್ತು. ಕಣ್ಣು ತೆರೆದೇ ಇತ್ತು. ಬಾಯಿಗೆ ಕಂಬಳಿಯ ಅಂಚು ಒತ್ತಿಕೊಂಡಿದ್ದಳು, ಸದ್ದು ಕೇಳಿಸಬಾರದೆಂದು.

"ತೆಗೀರಿ, ತೆಗೀರಿ!" ಎಂದು ಕೂಗಿದ್ದು ನೆನಪಿದೆ. ನಾನು ತುರುಕಿದ್ದ ಟವೆಲ್ ಜಿಪ್ಪಿಗೆ ಸಿಕ್ಕಿಕೊಂಡು ಅದು ಅರ್ಧಕ್ಕೇ ನಿಂತಿತು. ಸಲೀಂ ಎಳೆದರು, ಬರಲಿಲ್ಲ. ತಮ್ಮ ಚೀಲದಲ್ಲಿ ಸದಾ ಇರುವ ರೆಕ್ಸಿನ್ ಕತ್ತರಿ ತೆಗೆದು, ಒಂದು ಕ್ಷಣವೂ ಯೋಚಿಸದೆ ಬಾಗಿಲ ಪಕ್ಕವನ್ನು ಮೇಲಿನಿಂದ ಕೆಳಗಿನವರೆಗೂ ಸೀಳಿಬಿಟ್ಟರು. ತಣ್ಣನೆ ಗಾಳಿ ಒಳಗೆ ನುಗ್ಗಿತು. ಮಗಳನ್ನು ಎತ್ತಿಕೊಂಡು ಪಂಪ್‌ಸೆಟ್ ಮನೆಯ ಜಗಲಿಗೆ ಓಡಿದರು. ನಾನು ಅವಳನ್ನು ನೆಟ್ಟಗೆ ಕೂರಿಸಿ, ಇನ್ಹೇಲರಿಗೆ ಕೊಳವೆ ಸೇರಿಸಿ, ಡಾಕ್ಟರು ಕಲಿಸಿದ್ದಂತೆ ಔಷಧಿ ಕೊಟ್ಟೆ. ಮೇಲಿನ ಹೆಂಚಿನ ಅಂಚಿನಿಂದ ನೀರು ಧಾರೆಯಾಗಿ ಬೀಳುತ್ತಿತ್ತು. ಅತ್ತೆ ಮಂಡಿ ನೋವು ಮರೆತು ಮಳೆಯಲ್ಲೇ ಬಂದು ಮೊಮ್ಮಗಳ ಬೆನ್ನ ಮೇಲೆ ಕೈಯಿಟ್ಟು ದುವಾ ಓದುತ್ತಿದ್ದರು.

ಕೂಗು ಕೇಳಿ ಗಂಗಣ್ಣ ಗೋಣಿ ಹೊದ್ದು ಬೈಕು ತಂದು ನಿಲ್ಲಿಸಿದರು. "ಪೆಟ್ರೋಲ್ ಐತೆ ಕಣವ್ವಾ, ಎದರ್ಬ್ಯಾಡ. ಹೊಂಡು ಅಂದ್ರೆ ಹೊಂಡ್ತೀನಿ ಗುಬ್ಬಿಗೆ." ಲಕ್ಷ್ಮಮ್ಮ ಮಧ್ಯಾಹ್ನದ ನನ್ನ ಪ್ರಶ್ನೆಯನ್ನು ಅವರಿಗೆ ಹೇಳಿದ್ದರು. ನಾವೆಲ್ಲ ಮಗುವಿನ ಎದೆಯನ್ನೇ ನೋಡುತ್ತಾ ನಿಂತೆವು. ಎಷ್ಟು ಹೊತ್ತೋ ಗೊತ್ತಿಲ್ಲ, ನನಗಂತೂ ಅದು ಮುಗಿಯುವುದೇ ಇಲ್ಲ ಅನ್ನಿಸಿತ್ತು. ನಿಧಾನವಾಗಿ ಹೆಗಲು ಇಳಿಯಿತು. ಸಿಳ್ಳಿನಂಥ ಸದ್ದು ಸಣ್ಣದಾಗಿ ಆಮೇಲೆ ನಿಂತಿತು. ಅವಳು ನೀರು ಕೇಳಿದಳು. ಬೈಕು ಹೊರಡಬೇಕಾಗಲಿಲ್ಲ.

"ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ. ಸಿಟ್ಟಿನಿಂದಲೇ ಕೇಳಿದೆ, ಅಷ್ಟು ಹೆದರಿದ್ದೆ.

"ಹೇಳಿದ್ರೆ ಕ್ಯಾಂಪಿಗೆ ಕಳಿಸಲ್ಲ ಅಂದಿದ್ಯಲ್ಲಾ ಅಮ್ಮಿ. ಹೋಗ್ಬಿಡುತ್ತೆ ಅನ್ಕೊಂಡು ಸುಮ್ನಿದ್ದೆ."

ಇನ್ನು ಸ್ವಲ್ಪ ಹೊತ್ತು ನಾವು ಹೊಲಿಗೆಯ ಬಗ್ಗೆ ಜಗಳವಾಡುತ್ತಿದ್ದರೆ ಏನಾಗುತ್ತಿತ್ತು ಎಂದು ನೆನೆದು ನಾನು ಅಲ್ಲೇ ಅತ್ತುಬಿಟ್ಟೆ. ಉಬ್ಬಸ ಬಂದದ್ದಕ್ಕಲ್ಲ, ಅವಳು ಅದನ್ನು ನನ್ನಿಂದ ಬಚ್ಚಿಟ್ಟದ್ದಕ್ಕೆ. ಷರತ್ತು ಹಾಕಿದವಳು ನಾನು. ಗಾಳಿ ಬರಬಾರದೆಂದು ಹೊಲಿಸಿದವಳೂ ನಾನೇ.

ಸಲೀಂ ಮಾತ್ರ ತಮ್ಮ ತಪ್ಪೆಂದೇ ಹಟ ಹಿಡಿದರು. "ಆಟೋಗೆ ಎರಡೂ ಪಕ್ಕ ತೆರೆದೇ ಇರುತ್ತೆ. ಇಷ್ಟು ವರ್ಷ ಹುಡ್ ಹೊಲಿದೆ, ಗಾಳಿ ಬಗ್ಗೆ ಯೋಚ್ನೆ ಮಾಡೋ ಪ್ರಮೇಯಾನೇ ಬರ್ಲಿಲ್ಲ. ನೀರು ತಡೆಯೋದಷ್ಟೇ ಕೆಲ್ಸ ಅನ್ಕೊಂಡಿದ್ದೆ" ಎಂದರು. ಮಳೆ ನಿಂತ ಕೂಡಲೇ ಟಾರ್ಚು ಹಿಡಿದು ಡೇರೆಯ ಹಿಂಬದಿಗೆ ಹೋದರು. ಹುಡ್ಡಿಗೆ ಕಿಟಕಿ ಇಡುವ ಜಾಗದಲ್ಲೇ ಚೌಕವಾಗಿ ಕತ್ತರಿಸಿದರು. ಎದುರಿಗೂ ಮೇಲ್ಗಡೆ ಒಂದು. ತಾವೇ ಜೋಡಿಸಿದ ಹೊಲಿಗೆಯ ಮೇಲೆ ಕತ್ತರಿ ಹಾಕುವಾಗ ಒಂದು ಸಲ ನಿಂತರು, ಆಮೇಲೆ ಕತ್ತರಿಸಿದರು. ನನ್ನ ದುಪಟ್ಟಾವನ್ನು ಎರಡು ತುಂಡು ಮಾಡಿ ಸೊಳ್ಳೆ ಬರದಂತೆ ಕಿಟಕಿಗಳಿಗೆ ಕೈಹೊಲಿಗೆ ಹಾಕಿದರು. ಜಿಪ್ಪಿಗೆ ಸಿಕ್ಕಿದ್ದ ಟವೆಲ್ ಬಿಡಿಸಿ, ಬಾಗಿಲ ಪಕ್ಕದ ಸೀಳನ್ನೂ ಹೊಲಿದರು. ಮತ್ತೆ ಮಳೆ ಬಂದರೆ ಎರಚಲು ಹೊಡೆಯಬಾರದಲ್ಲ, ಅದಕ್ಕೆ ಫ್ಲೆಕ್ಸನ್ನು ಹಾಸಿಗೆಯಡಿಯಿಂದ ಎಳೆದು, ನಡುವೆ ಗಾಳಿಯಾಡುವಂತೆ ಡೇರೆಯಿಂದ ಒಂದು ಮೊಳ ಮೇಲಕ್ಕೆ, ಬಯಲಂಚಿನ ತೆಂಗಿನ ಮರಗಳಿಗೆ ಹಗ್ಗ ಎಳೆದು ಕಟ್ಟಿದೆವು. ನೆಲಕ್ಕೆ ಗಂಗಣ್ಣ ಗೋಣಿಚೀಲ ಕೊಟ್ಟರು. ಕೆಳಗಿನಿಂದ ಟಾರ್ಚು ಬಿಟ್ಟರೆ ಪುಢಾರಿ ನಮ್ಮನ್ನೇ ನೋಡಿ ಕೈಮುಗಿಯುತ್ತಿದ್ದ. "ಈಗ ನೋಡಪ್ಪಾ, ಒಂದ್ ಕೆಲ್ಸಕ್ಕೆ ಬಂದ" ಎಂದರು ಅತ್ತೆ. ಆಫ್ರೀನ್ ನಕ್ಕಳು. ನಾನು ತಡೆಯಲಿಲ್ಲ.

ಮನೆಗೆ ಕರೆದರು ಗಂಗಣ್ಣ. ಹೋಗೋಣವೆಂದು ನಾನು ಎದ್ದೂ ಆಗಿತ್ತು. "ದಾದಿ ಇಲ್ಲೇ ಮಲಗ್ತಾಳೆ, ನಾನೂ ಇಲ್ಲೇ" ಎಂದಳು ಆಫ್ರೀನ್. ಅವಳ ದಾದಿ, ಅಂದರೆ ನಮ್ಮತ್ತೆ, ಆಗಲೇ ಸ್ಪಂಜಿನ ಮೇಲೆ ಕಾಲು ಚಾಚಿದ್ದರು. ಮಗಳ ಉಸಿರನ್ನು ಕಿವಿಗೊಟ್ಟು ಕೇಳಿ, ಮತ್ತೆ ಕೇಳಿ, ಕೊನೆಗೆ ಇಲ್ಲೇ ಉಳಿಯೋಣ ಎಂದೆ. ತಲೆಯ ಕಡೆಯಿಂದ ಬಂದ ಗಾಳಿ ಕಾಲ ಕಡೆ ಹೋಗುತ್ತಿತ್ತು. ತಣ್ಣಗಿತ್ತು, ಆದರೆ ಕಂಬಳಿ ಸಾಕಾಯಿತು. ನನ್ನ ಕೈ ಅವಳ ಬೆನ್ನ ಮೇಲೇ ಇತ್ತು. ನಿದ್ದೆ ಮಾಡಬಾರದೆಂದುಕೊಂಡವಳು ಯಾವಾಗ ಮಾಡಿದೆನೋ ತಿಳಿಯಲಿಲ್ಲ.

ಬೆಳಿಗ್ಗೆ ಎಚ್ಚರವಾದಾಗ ಪಕ್ಕದಲ್ಲಿ ಮಗಳಿಲ್ಲ. ಹೊರಗೆ ಬಂದರೆ ಅವಳು ದಾದಿಯ ಶಾಲು ಹೊದ್ದು ಪಂಪ್‌ಸೆಟ್ ಜಗಲಿಯ ಮೇಲೆ ಕೂತು ಲಕ್ಷ್ಮಮ್ಮನವರಿಗೆ ರಾತ್ರಿಯ ಕತೆಯನ್ನೇ ಇನ್ನಷ್ಟು ಉಪ್ಪುಖಾರ ಹಚ್ಚಿ ಹೇಳುತ್ತಿದ್ದಳು. ರೆಕ್ಸಿನ್ನಿನ ಒಳಮೈ ಮುಟ್ಟಿ ನೋಡಿದೆ, ಒಣಗಿತ್ತು. ಸಲೀಂ ಕೂಡ ಮುಟ್ಟಿ ನೋಡಿದರು.

ಚಹಾ ಕುಡಿದು ಸಾಮಾನು ಕಟ್ಟಿದೆವು. ಗಂಗಣ್ಣ ದುಡ್ಡು ಮುಟ್ಟಲಿಲ್ಲ, ಬದಲಿಗೆ ಒಂದಷ್ಟು ತೆಂಗಿನಕಾಯಿ ಹೊರಿಸಿ ಲಗೇಜು ಹೆಚ್ಚಿಸಿದರು. ಕುರ್ಚಿಯನ್ನು ಅಲ್ಲೇ ಬಿಟ್ಟು ಬಂದೆವು, ಲಕ್ಷ್ಮಮ್ಮನವರ ಅತ್ತೆಗೂ ಮಂಡಿ ನೋವಂತೆ. ಏರಿಯ ಮೇಲಿನಿಂದ ತಿರುಗಿ ನೋಡಿದಾಗ ಡೇರೆ ನಿಂತಿದ್ದ ಜಾಗದಲ್ಲಿ ಚೌಕಾಕಾರದ ಒಣ ನೆಲ ಮಾತ್ರ ಕಾಣುತ್ತಿತ್ತು. ಸುತ್ತ ಎಲ್ಲ ಒದ್ದೆ.

ಗುಬ್ಬಿಯಿಂದ ತುಮಕೂರಿನ ಬಸ್ಸಿನಲ್ಲಿ ಆಫ್ರೀನ್ ಕಿಟಕಿ ಪಕ್ಕ, ನಾನು ಅವಳ ಪಕ್ಕ. ಕ್ಯಾಂಪಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಷರತ್ತಿನ ಪ್ರಕಾರ ಅವಳು ಸೋತಿದ್ದಳು, ಅದು ಇಬ್ಬರಿಗೂ ಗೊತ್ತಿತ್ತು. ಕಳಿಸುವುದಿಲ್ಲ ಎಂದರೆ ನಿನ್ನೆಯ ಭಯ ಮತ್ತೆ ಬರುವುದಿಲ್ಲ. ಆದರೆ ಅವಳು ಇನ್ನು ಮುಂದೆ ಮನೆಯಲ್ಲೂ ಕಂಬಳಿ ಕಚ್ಚಿಕೊಂಡೇ ಮಲಗುತ್ತಾಳೆ. ಕಳಿಸಿದರೆ ಅಲ್ಲಿ, ಗೆಳತಿಯರ ನಡುವೆ, ಬಾಯಿ ಬಿಟ್ಟು ಹೇಳುತ್ತಾಳೆಯೇ? ಇನ್ಹೇಲರ್ ಒಂದು ಸಲ ಮುಟ್ಟಿ ನೋಡಿಕೊಂಡೆ. ಹೊಲಗಳು ಹಿಂದಕ್ಕೆ ಓಡುತ್ತಿದ್ದವು.

ಊರು ಹತ್ತಿರವಾದಂತೆ, ಮಳೆ ಬೀಳದ ಒಣ ರಸ್ತೆಯಲ್ಲಿ, ಮುಂದಿದ್ದ ಲಾರಿಯಿಂದ ಧೂಳು ಎದ್ದು ಬಸ್ಸಿನೊಳಗೆ ತುಂಬಿತು. ಆಫ್ರೀನ್ ಎರಡು ಸಲ ಕೆಮ್ಮಿದಳು. ನಾನು ತಿರುಗಲಿಲ್ಲ. ಬೇಕೆಂದೇ ತಿರುಗಲಿಲ್ಲ, ಎದುರಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದು ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವಳು ನನ್ನ ತೋಳು ತಟ್ಟಿದಳು.

"ಅಮ್ಮಿ, ಎದೆ ಸ್ವಲ್ಪ ಬಿಗಿ ಆಗ್ತಿದೆ. ಜಾಸ್ತಿ ಇಲ್ಲ. ಹೇಳ್ಬೇಕಲ್ಲ, ಅದಕ್ಕೆ ಹೇಳ್ದೆ."

ಹತ್ತು ವರ್ಷದಲ್ಲಿ ಆ ಮಾತು ಕೇಳಿ ನನಗೆ ಸಂತೋಷವಾದದ್ದು ಅದೇ ಮೊದಲು. ಕಿಟಕಿ ಮುಚ್ಚಿ ಇನ್ಹೇಲರ್ ಅವಳ ಕೈಗೇ ಕೊಟ್ಟೆ, ಅವಳೇ ತೆಗೆದುಕೊಂಡಳು. ಉಸಿರು ಸರಿಹೋಗುವವರೆಗೂ ಕಾದು, "ಕುಣಿಗಲ್‌ಗೆ ಹೋಗು" ಎಂದೆ.